ಸೌಂದರ್ಯ ಹಾಕಿದ ದುಡ್ಡು

ನಮ್ಮ ಮನೆಯಲ್ಲಿ ಸೌಂದರ್ಯ ಎಂದರೆ ಮೊದಲು ನೆನಪಾಗುವುದು ಹಿಂದಿಯ ‘ಸೂರ್ಯವಂಶಂ’. ಟಿವಿಯಲ್ಲಿ ಆ ಸಿನಿಮಾ ಎಷ್ಟು ಸಲ ಬಂದಿದೆಯೋ ಲೆಕ್ಕವೇ ಇಲ್ಲ. ಅಮಿತಾಭ್ ಬಚ್ಚನ್‌ಗೆ ಅದರಲ್ಲಿ ಎರಡು ಪಾತ್ರ, ಮದುವೆಯಾದ ಮೇಲೆ ಓದಿ ಕಲೆಕ್ಟರ್ ಆಗುವ ಹೆಂಡತಿ ಸೌಂದರ್ಯ. ನನ್ನ ನಾನಿಗೆ ನಟಿಯರ ಹೆಸರು ನೆನಪಿರುವುದಿಲ್ಲ. “ಕಲೆಕ್ಟರ್ ಬನೀ ಸೋ ಛೋಕ್ರಿ” ಎಂದರೆ ಸೌಂದರ್ಯ ಎಂದು ನಾವು ಅರ್ಥ ಮಾಡಿಕೊಳ್ಳಬೇಕು. ಕ್ಲಾಸಿನಲ್ಲಿ ಗೆಳೆಯರನ್ನು ಕೇಳಿದರೆ ‘ಆಪ್ತಮಿತ್ರ’ದ ನಾಗವಲ್ಲಿ ಎನ್ನುತ್ತಾರೆ. ಸ್ವಲ್ಪ ದೊಡ್ಡವರನ್ನು ಕೇಳಿದರೆ ತೆಲುಗಿನಲ್ಲಿ ಎಷ್ಟು ದೊಡ್ಡ ಹೆಸರಿತ್ತು, ವಿಮಾನ ಅಪಘಾತದಲ್ಲಿ ಎಷ್ಟು ಬೇಗ ಹೋಗಿಬಿಟ್ಟರು ಎಂದು ಮರುಗುತ್ತಾರೆ.

ಅವರು ನಿರ್ಮಾಪಕಿ ಆಗಿದ್ದರು ಎಂದು ಮಾತ್ರ ಯಾರೂ ಹೇಳುವುದನ್ನು ನಾನು ಕೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಕಾಮರ್ಸ್ ಓದುವ ಹುಡುಗನಾಗಿ ನನಗೆ ಅವರ ಉಳಿದೆಲ್ಲ ಪಾತ್ರಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತಿದೆ. ಯಾಕೆಂದು ಬರೆಯುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪು ಲೆಕ್ಕವನ್ನೂ ಇಲ್ಲಿ ಸರಿಪಡಿಸಬೇಕಾಗಿದೆ.

ಸೌಂದರ್ಯ ದುಡ್ಡು ಹಾಕಿದ ಸಿನಿಮಾ ‘ದ್ವೀಪ’. ಅದು ನಮ್ಮದೇ ಊರುಗಳ ಸಿನಿಮಾ. ಮೂಲ ಕಾದಂಬರಿ ಬರೆದವರು ನಮ್ಮ ಸಾಗರದ ನಾ. ಡಿಸೋಜ. ನಿರ್ದೇಶಿಸಿದವರು ಗಿರೀಶ್ ಕಾಸರವಳ್ಳಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಕಥೆಯಲ್ಲಿ ಏರುವ ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ನುಂಗಿದ ಶರಾವತಿಯ ನೀರು. ಈ ಮೂರು ತಾಲ್ಲೂಕಿನ ದುಃಖಕ್ಕೆ ಬಂಡವಾಳ ಹಾಕಿದವರು ಮಾತ್ರ ಕೋಲಾರದ ಮುಳಬಾಗಿಲು ಕಡೆಯ ಹೆಣ್ಣುಮಗಳು, ತೆಲುಗು ಸಿನಿಮಾದಲ್ಲಿ ಹೆಸರು ಮಾಡಿದ್ದ ನಟಿ.

ನಾ. ಡಿಸೋಜ ಅವರ ಬಗ್ಗೆ ಒಂದು ಮಾತು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ನಮ್ಮೂರಿನಲ್ಲಿ ಎಲ್ಲರೂ ಅವರ ಬಗ್ಗೆ ಮಾತಾಡಿದರು. ಅವರ ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು, ಶರಾವತಿ ಯೋಜನೆಯನ್ನು ಹತ್ತಿರದಿಂದ ನೋಡಿದವರು. ಅಣೆಕಟ್ಟು ಕಟ್ಟುವ ಇಲಾಖೆಯ ಸಂಬಳ ತೆಗೆದುಕೊಂಡು, ಅಣೆಕಟ್ಟಿನಿಂದ ಮುಳುಗಿದವರ ಕಥೆ ಬರೆದರು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಮನೆಯಲ್ಲಿ ಒಂದು ಭಾಷೆ, ಪುಸ್ತಕದಲ್ಲಿ ಇನ್ನೊಂದು ಭಾಷೆ ಇಟ್ಟುಕೊಂಡಿರುವ ನಮ್ಮಂಥವರಿಗೆ ಅವರನ್ನು ನೆನೆದರೆ ಸ್ವಲ್ಪ ಧೈರ್ಯ ಬರುತ್ತದೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ತಿ ತುಂಬಿದಾಗ ಸಮುದ್ರಮಟ್ಟದಿಂದ 1,819 ಅಡಿಗೆ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ದಿನಾ ಬರುವ ಅಂಕಿ ಇದೇ, ಎಷ್ಟು ಅಡಿ ಬಾಕಿ ಇದೆ ಎಂಬ ಲೆಕ್ಕ. ಕರೆಂಟು ಇಡೀ ರಾಜ್ಯಕ್ಕೆ ಹೋಯಿತು. ತುಮರಿ ಕಡೆಯ ಜನರಿಗೆ ಮಾತ್ರ ಸಾಗರಕ್ಕೆ ಬರಲು ಲಾಂಚ್ ಬಿಟ್ಟರೆ ಬೇರೆ ಹತ್ತಿರದ ದಾರಿ ಇರಲಿಲ್ಲ. ಹೊಳೆಬಾಗಿಲಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಲೆಕ್ಕ ಹಾಕಿ, ಅರವತ್ತೊಂದು ವರ್ಷ. ಆ ಕಡೆಯಿಂದ ಬರುವ ಗೆಳೆಯರು ಲಾಂಚ್ ತಪ್ಪಿತೆಂದು ಮೊದಲನೇ ಪೀರಿಯಡ್ ತಪ್ಪಿಸಿಕೊಳ್ಳುವ ಕಾಲ ಈಗಷ್ಟೇ ಮುಗಿದಿದೆ.

ನನ್ನ ನಾನಿಯ ಅಬ್ಬಾ ಹೊಸನಗರ ಕಡೆಯ ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದರಂತೆ. ಅಡಿಕೆ, ಭತ್ತ ಬಂದ ಮೇಲೆ ದುಡ್ಡು ಕೊಡುವ ಗಿರಾಕಿಗಳು. ಉದ್ರಿಯೇ ಜಾಸ್ತಿ. ನೀರು ಬಂದ ವರ್ಷ ಅರ್ಧಕ್ಕರ್ಧ ಗಿರಾಕಿಗಳು ಗಂಟುಮೂಟೆ ಕಟ್ಟಿ ಎಲ್ಲೆಲ್ಲಿಗೋ ಹೋದರು. ಅವರನ್ನು ಹುಡುಕಿಕೊಂಡು ಹೋಗಿ ಕೇಳುವುದಾದರೂ ಹೇಗೆ, ಅವರ ಕೈಯಲ್ಲಿಯೇ ಏನೂ ಇಲ್ಲದಾಗ? ಉದ್ರಿ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು ಎಂದು ನಾನಿ ಹೇಳುತ್ತಾರೆ. ನಮ್ಮ ಅಕೌಂಟೆನ್ಸಿಯಲ್ಲಿ ಇದನ್ನು ಬ್ಯಾಡ್ ಡೆಟ್ ಎಂದು ಬರೆದು ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ‘ದ್ವೀಪ’ವನ್ನು ಮೊಬೈಲಿನಲ್ಲಿ ಹಾಕಿ ನಾನಿಗೆ ತೋರಿಸಿದಾಗ ಅವರು ಕಥೆಯ ಬಗ್ಗೆ ಏನೂ ಕೇಳಲಿಲ್ಲ. ಮಳೆ ಹೊಡೆಯುವುದನ್ನು, ನೀರು ಮೆಟ್ಟಿಲು ಮೆಟ್ಟಿಲು ಹತ್ತುವುದನ್ನು ನೋಡುತ್ತ “ಯೇ ಪಾನಿ ಮೈ ದೇಖೀ ಬೇಟಾ” ಎಂದರು. ಈ ನೀರನ್ನು ನಾನು ನೋಡಿದ್ದೇನೆ ಎಂದು.

ಸಿನಿಮಾದ ಕಥೆ ಚಿಕ್ಕದು. ಅಣೆಕಟ್ಟಿನ ನೀರು ಏರಿ ಸೀತಾಪರ್ವತ ಎಂಬ ಗುಡ್ಡ ದ್ವೀಪವಾಗುತ್ತದೆ. ಸುತ್ತಲಿನವರೆಲ್ಲ ಪರಿಹಾರ ತೆಗೆದುಕೊಂಡು ಹೊರಟುಹೋಗುತ್ತಾರೆ. ದೇವಸ್ಥಾನದ ಪೂಜೆ ಮಾಡಿಕೊಂಡಿರುವ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಉಳಿಯುತ್ತಾರೆ. ನಾಗಿಯ ಪಾತ್ರ ಸೌಂದರ್ಯ ಅವರದು, ಗಣಪನದು ಅವಿನಾಶ್ ಅವರದು, ದುಗ್ಗಜ್ಜನದು ಎಂ.ವಿ. ವಾಸುದೇವರಾವ್ ಅವರದು. ಮುಂಬೈಯಿಂದ ಕೃಷ್ಣ ಎಂಬ ಹುಡುಗ ಬಂದು ಕೈಜೋಡಿಸುತ್ತಾನೆ, ಅವನು ಬಂದದ್ದರಿಂದ ಗಂಡನಲ್ಲಿ ಸಂಶಯ ಹುಟ್ಟುತ್ತದೆ. ಫೈಟ್ ಇಲ್ಲ, ಡ್ಯುಯೆಟ್ ಇಲ್ಲ. ಮಳೆ ಇದೆ. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಮಲೆನಾಡಿನವರಾದ ನಮಗೆ ಮಳೆಯನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ಆ ಮಳೆ ನಮ್ಮ ಮಳೆಯೇ.

ಕೊನೆಯ ಭಾಗದಲ್ಲಿ ನಾಗಿ ಒಬ್ಬಳೇ ಮನೆಯನ್ನು ಹಿಡಿದು ನಿಲ್ಲಿಸುತ್ತಾಳೆ. ಗಂಡ ಕುಸಿದು ಕೂತಿರುತ್ತಾನೆ. ಏರುವ ನೀರು, ಕಾಡುಪ್ರಾಣಿಯ ಭಯ, ರಾತ್ರಿಯ ಕತ್ತಲೆ ಎಲ್ಲದಕ್ಕೂ ಎದುರಾಗಿ ನಿಲ್ಲುವವಳು ಅವಳು. ಕೊನೆಗೆ ಮಳೆ ನಿಲ್ಲುತ್ತದೆ, ಮನೆ ಉಳಿಯುತ್ತದೆ. ಆಗ ಗಣಪ ಇದೆಲ್ಲ ದೇವರ ಕೃಪೆ ಎನ್ನುತ್ತಾನೆ. ನಾಗಿಯ ದುಡಿಮೆ ಅವನ ಲೆಕ್ಕದಲ್ಲಿ ಬರುವುದೇ ಇಲ್ಲ. ಸೌಂದರ್ಯ ಆಗ ಜೋರಾಗಿ ಅಳುವುದಿಲ್ಲ, ಕೂಗುವುದೂ ಇಲ್ಲ. ಆ ಮುಖ ನೋಡಿದಾಗ ನನಗೆ ಒಂದು ಥರಾ ಆಯಿತು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ನಿರ್ಮಾಪಕಿಯ ವಿಷಯ. ನಟಿಗೆ ಸಿಗುವುದು ಸಂಭಾವನೆ. ಅದು ಸಿನಿಮಾದ ಲೆಕ್ಕದಲ್ಲಿ ಖರ್ಚು. ಲಾಭ-ನಷ್ಟ ಖಾತೆಯಲ್ಲಿ ಸಂಬಳ ಮೇಲೆ ಬರುತ್ತದೆ, ಮಾಲೀಕನಿಗೆ ಉಳಿಯುವುದು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಉಳಿದರೆ. ಸಿನಿಮಾ ಓಡಲಿ ಬಿಡಲಿ, ಕ್ಯಾಮೆರಾದವನಿಗೆ, ಅಡುಗೆಯವನಿಗೆ, ಲಾರಿಯವನಿಗೆ ಕೊಡಬೇಕಾದ್ದು ಕೊಡಲೇಬೇಕು. ಮಳೆಯ ಸಿನಿಮಾ ಎಂದರೆ ಇನ್ನೂ ಕಷ್ಟ. ಬೇಕಾದಾಗ ಮಳೆ ಬಾರದಿದ್ದರೂ ಖರ್ಚು, ಬೇಡವಾದಾಗ ಬಂದರೂ ಖರ್ಚು. ಇಷ್ಟೆಲ್ಲ ಕೊಟ್ಟು ಮುಗಿದ ಮೇಲೆ ಏನಾದರೂ ಉಳಿದರೆ ಅದು ನಿರ್ಮಾಪಕರದು, ಕಡಿಮೆ ಬಿದ್ದರೆ ಅದೂ ನಿರ್ಮಾಪಕರದೇ. ಸೌಂದರ್ಯ ಆಗ ರಜನಿಕಾಂತ್, ಚಿರಂಜೀವಿ, ವೆಂಕಟೇಶ್ ಜೊತೆ ನಟಿಸಿ ಮುಗಿಸಿದ್ದವರು. ಮೇಲಿನ ಸಾಲಿನಲ್ಲಿ ಸುರಕ್ಷಿತವಾಗಿದ್ದವರು. ತಾವಾಗಿಯೇ ಕೆಳಗಿನ ಸಾಲಿಗೆ ಇಳಿದರು. ಅದೂ ಹಾಡು, ಹೊಡೆದಾಟ ಇಲ್ಲದ, ಮುಳುಗುವ ಮನೆಯೊಂದರ ಕಥೆಗೆ.

ಈ ಮಾತನ್ನು ಗೆಳೆಯನೊಬ್ಬನಿಗೆ ಹೇಳಿದಾಗ ಅವನು, “ಅವರ ಹತ್ರ ದುಡ್ಡಿತ್ತು ಕಣೋ, ಹಾಕಿದ್ರು. ಇದರಲ್ಲೇನು ದೊಡ್ಡದು?” ಎಂದ. ಪ್ರಶ್ನೆ ತಪ್ಪಲ್ಲ. ಆದರೆ ದುಡ್ಡಿರುವವರು ಬಹಳ ಜನ. ಸೈಟು ತೆಗೆದುಕೊಳ್ಳಬಹುದಿತ್ತು, ಚಿನ್ನ ತೆಗೆದುಕೊಳ್ಳಬಹುದಿತ್ತು, ಹಿಟ್ ಆದ ತೆಲುಗು ಸಿನಿಮಾವನ್ನೇ ಕನ್ನಡಕ್ಕೆ ತಂದು ಮತ್ತೆ ತಾವೇ ನಾಯಕಿಯಾಗಬಹುದಿತ್ತು. ದುಡ್ಡು ಎಷ್ಟಿತ್ತು ಎಂಬುದಕ್ಕಿಂತ ಎಲ್ಲಿ ಹಾಕಿದರು ಎಂಬುದನ್ನು ನೋಡಬೇಕು. ಅಣೆಕಟ್ಟಿನ ಲಾಭವನ್ನು ರಾಜ್ಯವೆಲ್ಲ ಹಂಚಿಕೊಂಡಿತು, ನಷ್ಟವನ್ನು ನಮ್ಮ ಎರಡು ತಾಲ್ಲೂಕಿನ ಜನ ಹೊತ್ತರು. ಆ ನಷ್ಟದ ಕಡೆಯ ಕಥೆಯನ್ನು ದೇಶಕ್ಕೆ ತೋರಿಸಲು ಯಾರಾದರೂ ಖರ್ಚು ಮಾಡಬೇಕಿತ್ತು.

2001ನೇ ಸಾಲಿನ ಅತ್ಯುತ್ತಮ ಚಿತ್ರಕ್ಕಾಗಿ ‘ದ್ವೀಪ’ಕ್ಕೆ ಸ್ವರ್ಣಕಮಲ ಬಂತು. ಆ ಪ್ರಶಸ್ತಿ ನಿರ್ದೇಶಕರಿಗೂ ನಿರ್ಮಾಪಕರಿಗೂ ಸೇರಿದ್ದು, ಅಂದರೆ ಸೌಂದರ್ಯ ಅದನ್ನು ಪಡೆದದ್ದು ನಟಿಯಾಗಿ ಅಲ್ಲ. ನಟನೆಗೆ ರಾಜ್ಯಪ್ರಶಸ್ತಿ ಬೇರೆ ಬಂತು. ಕಾಸರವಳ್ಳಿಯವರಿಗೆ ಸ್ವರ್ಣಕಮಲ ನಾಲ್ಕು ಸಲ ಬಂದಿದೆ: ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’, ‘ದ್ವೀಪ’. ಈ ನಾಲ್ಕರಲ್ಲಿ ಕೊನೆಯ ಎರಡಕ್ಕೆ ಬಂಡವಾಳ ಹಾಕಿದವರು ನಟಿಯರು. ‘ತಾಯಿಸಾಹೇಬ’ದ್ದು ಜಯಮಾಲಾ. ರಸಪ್ರಶ್ನೆಯಲ್ಲಿ ನಮಗೆ ಕೇಳುವುದು ನಿರ್ದೇಶಕರ ಹೆಸರು ಮಾತ್ರ. ನಿರ್ದೇಶಕರು ಎಷ್ಟೇ ದೊಡ್ಡವರಾದರೂ ಯಾರಾದರೂ ಚೆಕ್ ಬರೆಯದೆ ಒಂದು ಅಡಿ ರೀಲು ಕೂಡ ಓಡುತ್ತಿರಲಿಲ್ಲ.

ಜಯಮಾಲಾ ಅವರದು ಇನ್ನೂ ಉದ್ದದ ಹಾದಿ. ಕರಾವಳಿಯಿಂದ ಬಂದವರು, ತುಳು ಸಿನಿಮಾದಿಂದ ಶುರುಮಾಡಿ ರಾಜ್‌ಕುಮಾರ್ ಜೊತೆ ‘ಪ್ರೇಮದ ಕಾಣಿಕೆ’, ‘ಶಂಕರ್ ಗುರು’ಗಳಲ್ಲಿ ನಟಿಸಿದವರು. 1997ರ ‘ತಾಯಿಸಾಹೇಬ’ದಲ್ಲಿ ನಿರ್ಮಾಪಕಿಯೂ ಅವರೇ, ಮುಖ್ಯ ಪಾತ್ರವೂ ಅವರದೇ. 2008ರಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಮೊದಲ ಮಹಿಳಾ ಅಧ್ಯಕ್ಷರಾದರು. ಹೆಸರಿನಲ್ಲೇ ವಾಣಿಜ್ಯ ಇರುವ ಸಂಸ್ಥೆ ಅದು. ಕನ್ನಡದಲ್ಲಿ ಎಂ.ವಿ. ರಾಜಮ್ಮ ‘ರಾಧಾರಮಣ’ ಸಿನಿಮಾ ನಿರ್ಮಿಸಿದ್ದು 1943ರಲ್ಲಿ. ಅಂದರೆ ಹೆಣ್ಣೊಬ್ಬಳು ದುಡ್ಡು ಹಾಕಬಲ್ಲಳು ಎಂದು ತೋರಿಸಿದ ಮೇಲೆ, ದುಡ್ಡು ಹಾಕುವವರ ಮಂಡಳಿಯ ಕುರ್ಚಿಯಲ್ಲಿ ಹೆಣ್ಣೊಬ್ಬಳು ಕೂರಲು ಅರವತ್ತೈದು ವರ್ಷ ಹಿಡಿಯಿತು. ಲಿಂಗನಮಕ್ಕಿಯಿಂದ ಸೇತುವೆಗೆ ಹಿಡಿದದ್ದಕ್ಕಿಂತ ನಾಲ್ಕು ವರ್ಷ ಜಾಸ್ತಿ!

ನಟನೆಯಿಂದ ನಿರ್ದೇಶನಕ್ಕೆ ಬಂದವರೂ ಇದ್ದಾರೆ. ಪುಟ್ಟಣ್ಣ ಕಣಗಾಲರ ಸಿನಿಮಾಗಳ ನಾಯಕಿ ಆರತಿ ಮುಂದೆ ಮಕ್ಕಳಿಗಾಗಿ ‘ಮಿಠಾಯಿ ಮನೆ’ ನಿರ್ದೇಶಿಸಿದರು. ನಟಿ ವೈಶಾಲಿ ಕಾಸರವಳ್ಳಿ ‘ತಾಯಿಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, ಆಮೇಲೆ ‘ಮೂಡಲ ಮನೆ’ ಧಾರಾವಾಹಿ ನಿರ್ದೇಶಿಸಿದರು. ಅಮೆರಿಕದ ಗ್ರೆಟಾ ಗೆರ್ವಿಗ್ ನಟಿಯಾಗಿದ್ದವರು ‘ಬಾರ್ಬಿ’ ನಿರ್ದೇಶಿಸಿ ನೂರು ಕೋಟಿ ಡಾಲರಿಗೂ ಹೆಚ್ಚು ಗಳಿಕೆ ತಂದುಕೊಟ್ಟರು ಎಂದು ರೀಲ್ಸ್‌ನಲ್ಲಿ ನಾವೆಲ್ಲ ನೋಡಿದ್ದೇವೆ. ನಮ್ಮ ಹತ್ತಿರದವರದ್ದು ರೀಲ್ಸ್‌ನಲ್ಲಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗೆ ಬಾರದ ಇನ್ನೊಂದು ಹೆಸರು ಫಾತ್ಮಾ ಬೇಗಂ. ಉರ್ದು ರಂಗಭೂಮಿಯಿಂದ ಬಂದವರು, ಮೂಕಿ ಸಿನಿಮಾಗಳ ನಟಿ. 1926ರಲ್ಲಿ ಸ್ವಂತ ಕಂಪನಿ ಕಟ್ಟಿ ‘ಬುಲ್‌ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿದರು. ಭಾರತದ ಮೊದಲ ಮಹಿಳಾ ನಿರ್ದೇಶಕಿ ಎಂದು ಅವರನ್ನು ಕರೆಯುತ್ತಾರೆ. ದೇಶದ ಮೊದಲ ಮಾತಿನ ಸಿನಿಮಾ ‘ಆಲಂ ಆರಾ’ದ ನಾಯಕಿ ಜುಬೇದಾ ಅವರ ಮಗಳು. ಉರ್ದು ಮಾತಾಡುವ ಮನೆಯಲ್ಲಿ ಹುಟ್ಟಿ ಹದಿನೇಳು ವರ್ಷವಾದ ಮೇಲೆ ನನಗೆ ಈ ಹೆಸರು ಮೊದಲ ಸಲ ಸಿಕ್ಕಿತು.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಸಿನಿಮಾ ಎಂದರೆ ಒಪ್ಪುವುದಿಲ್ಲ. ನನ್ನ ಮಾಮೂ ಮನೆಯಲ್ಲಿ ಟಿವಿಯೇ ಇಲ್ಲ. ಅವರ ಅಭಿಪ್ರಾಯಕ್ಕೆ ನನಗೆ ಗೌರವವಿದೆ. ಎಲ್ಲರೂ ಸಿನಿಮಾಕ್ಕೆ ಹೋಗಿ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಆದರೆ ಸಿನಿಮಾ ನಮ್ಮ ಬಗ್ಗೆ ಮಾತಾಡುವುದನ್ನು ನಿಲ್ಲಿಸುವುದಿಲ್ಲ. ಕಾಸರವಳ್ಳಿಯವರದ್ದೇ ‘ಹಸೀನಾ’, ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋದ ಹೆಂಡತಿ ಜಮಾಅತ್ ಮುಂದೆ ನ್ಯಾಯ ಕೇಳುವ ಕಥೆ, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಬಂದದ್ದು. ತಾರಾ ಅವರಿಗೆ ಅದರ ನಟನೆಗೆ ರಾಷ್ಟ್ರಪ್ರಶಸ್ತಿ ಬಂತು, ಇಶ್ರತ್ ನಿಸ್ಸಾರ್ ಅವರಿಗೆ ವಸ್ತ್ರವಿನ್ಯಾಸಕ್ಕೆ ಬಂತು. ಅದೇ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವು ಸ್ಟೇಟಸ್ ಹಾಕಿದೆವು. ಅವರು ಕನ್ನಡ ಕಲಿತದ್ದು ನಮ್ಮ ಜಿಲ್ಲೆಯ ಶಿವಮೊಗ್ಗದ ಶಾಲೆಯಲ್ಲಿ. ಸ್ಟೇಟಸ್ ಹಾಕಿದವರಲ್ಲಿ ಕಥೆ ಓದಿದವರು ಎಷ್ಟು ಜನ ಎಂದು ನಾನು ಕೇಳುವುದಿಲ್ಲ, ನಾನೂ ಓದಿದ್ದು ಆಮೇಲೆಯೇ.

ಈಗ ನನ್ನ ತಪ್ಪು ಲೆಕ್ಕಕ್ಕೆ ಬರುತ್ತೇನೆ.

ಕಳೆದ ವರ್ಷ, ಫಸ್ಟ್ ಪಿಯುನಲ್ಲಿದ್ದಾಗ, ಕಾಮರ್ಸ್ ವಿಭಾಗದ ವಾಣಿಜ್ಯ ಮೇಳದಲ್ಲಿ ನಾವು ಐದು ಜನ ಸೇರಿ ತಿಂಡಿಯ ಸ್ಟಾಲ್ ಹಾಕಿದ್ದೆವು. ಮೂವರು ಹುಡುಗರು, ಇಬ್ಬರು ಹುಡುಗಿಯರು. ಸಮೋಸ, ಶಾಹಿ ತುಕ್ಡಾ, ನಿಂಬೆ ಶರಬತ್ತು. ಒಟ್ಟು ಬಂಡವಾಳ 2,500 ರೂಪಾಯಿ. ಹುಡುಗರು ತಲಾ 300, ಒಬ್ಬ ಹುಡುಗಿ 600. ಉಳಿದ 1,000 ರೂಪಾಯಿ ಹಾಕಿದ್ದು ಇನ್ನೊಬ್ಬಳು. ಮದುವೆ ಮನೆಗಳಲ್ಲಿ ಮೆಹಂದಿ ಹಾಕಿ ಕೂಡಿಟ್ಟ ದುಡ್ಡು ಅದು. ಒಂದು ಸಮೋಸಕ್ಕೆ ಎಣ್ಣೆ, ಮೈದಾ, ಗ್ಯಾಸು ಸೇರಿ ಎಷ್ಟು ಬೀಳುತ್ತದೆ ಎಂದು ಹಿಂದಿನ ರಾತ್ರಿ ಕೂತು ಲೆಕ್ಕ ಹಾಕಿದವಳೂ ಅವಳೇ. ನಾನು ಹತ್ತು ರೂಪಾಯಿಗೆ ಮಾರೋಣ ಎಂದಿದ್ದೆ. ಹನ್ನೆರಡಾದರೂ ಬೇಕು, ಇಲ್ಲದಿದ್ದರೆ ನಾವು ಪುಕ್ಕಟೆ ಹಂಚಿದ ಹಾಗೆ ಎಂದು ಅವಳು ಹಟ ಹಿಡಿದಳು. ಅವಳ ಮಾತೇ ನಡೆಯಿತು. ಖರ್ಚು ಕಳೆದು 1,340 ರೂಪಾಯಿ ಲಾಭ ಬಂತು.

ಮೇಳದ ದಿನ ಕ್ಯಾಶ್ ಬಾಕ್ಸ್ ಮುಂದೆ ಕೂತವನು ನಾನು. ಯಾಕೆ ನಾನು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹುಡುಗಿಯರು ಹಿಂದೆ ನಿಂತು ಪ್ಲೇಟ್ ಕಟ್ಟುತ್ತಿದ್ದರು. ಹೆಚ್ಚು ಲಾಭ ಮಾಡಿದ ಸ್ಟಾಲ್ ಎಂದು ಬಹುಮಾನ ಬಂದಾಗ ವೇದಿಕೆ ಹತ್ತಿದವನು ನಾನು. ಎರಡು ಮಾತಾಡಲು ಮೈಕ್ ಕೊಟ್ಟರು. “ಅಲ್ಲಾಹನ ಕೃಪೆಯಿಂದ, ಗುರುಗಳ ಆಶೀರ್ವಾದದಿಂದ ಈ ಲಾಭ ಬಂತು” ಎಂದು ಹೇಳಿ ಇಳಿದೆ. ಚಪ್ಪಾಳೆ ಬಿತ್ತು. ಇದೇ ಪತ್ರಿಕೆಯ ವರದಿಯಲ್ಲಿ ಸ್ಟಾಲ್ ನಡೆಸಿದವನು ಎಂದು ನನ್ನ ಹೆಸರು ಬಂತು. ವರದಿಗೆ ಮಾಹಿತಿ ಕೊಟ್ಟವನೂ ನಾನೇ, ಆದ್ದರಿಂದ ಸಂಪಾದಕರ ತಪ್ಪು ಏನೂ ಇಲ್ಲ.

‘ದ್ವೀಪ’ದ ಕೊನೆಯಲ್ಲಿ ಗಣಪ ದೇವರ ಕೃಪೆ ಎಂದಾಗ ನನಗೆ ಒಂದು ಥರಾ ಆಯಿತು ಎಂದೆನಲ್ಲ, ಇದಕ್ಕೇ. ಅಲ್ಲಾಹನ ಕೃಪೆ ಇತ್ತು, ಅದು ಸುಳ್ಳಲ್ಲ. ಆದರೆ ಆ ಮಾತನ್ನು ನಾನು ಮರೆಮಾಡಲು ಬಳಸಿದೆ. ಜನರ ಉಪಕಾರ ನೆನೆಯದವನ ಶುಕ್ರಿಯಾ ಪೂರ್ತಿಯಾಗುವುದಿಲ್ಲ ಎಂದು ಮದ್ರಸಾದಲ್ಲಿ ಉಸ್ತಾದರು ಹದೀಸ್ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಕೂಡ ತೆಗೆದುಕೊಂಡಿದ್ದೆ.

ಪ್ರತಿ ವರ್ಷ ಮೀಲಾದ್ ಕಾರ್ಯಕ್ರಮದಲ್ಲಿ ನಾವು ಹಝ್ರತ್ ಖದೀಜಾ(ರ) ಅವರ ಬಗ್ಗೆ ಭಾಷಣ ಮಾಡುತ್ತೇವೆ. ಅವರು ಮಕ್ಕಾದ ದೊಡ್ಡ ವ್ಯಾಪಾರಿ. ತಮ್ಮ ಬಂಡವಾಳ ಕೊಟ್ಟು ಬೇರೆಯವರಿಂದ ವ್ಯಾಪಾರ ಮಾಡಿಸುತ್ತಿದ್ದವರು. ನಮ್ಮ ಪ್ರವಾದಿ(ಸ) ಅವರು ಆ ಸರಕನ್ನು ಶಾಮ್ ದೇಶಕ್ಕೆ ಕೊಂಡೊಯ್ದು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬಂಡವಾಳ ಅವರದು, ಲೆಕ್ಕ ಅವರಿಗೆ ಒಪ್ಪಿಸಬೇಕಾದ್ದು. ನಾನೂ ಈ ಭಾಷಣ ಮಾಡಿದ್ದೇನೆ. ಮಾಡಿದ ಎರಡು ತಿಂಗಳಿಗೆ ಮೇಳ ಬಂತು, ಕ್ಯಾಶ್ ಬಾಕ್ಸ್ ಎಳೆದುಕೊಂಡು ಕೂತೆ.

ಈ ವರ್ಷ ಅಕೌಂಟೆನ್ಸಿಯಲ್ಲಿ ಹೊಸ ಪಾಲುದಾರನ ಸೇರ್ಪಡೆ ಪಾಠ ಇದೆ. ಹೊಸಬ ಬಂದಾಗ ಹಳಬರು ಲಾಭದಲ್ಲಿ ಎಷ್ಟು ಬಿಟ್ಟುಕೊಟ್ಟರು ಎಂದು ತ್ಯಾಗದ ಅನುಪಾತ ಕಂಡುಹಿಡಿಯುತ್ತೇವೆ. ಹಳೆಯ ಪಾಲಿನಿಂದ ಹೊಸ ಪಾಲು ಕಳೆದರೆ ತ್ಯಾಗ. ಎಷ್ಟು ಸುಲಭ! ನನ್ನ ಅಮ್ಮಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ರಂಜಾನ್ ತಿಂಗಳಲ್ಲಿ ಸೆಹರಿ ಆದ ಮೇಲೂ ಮಿಷನ್ ಶಬ್ದ ಕೇಳುತ್ತದೆ. ನನ್ನ ಕಾಲೇಜು ಫೀಸಿನಲ್ಲಿ ಅವರ ಪಾಲು ಎಷ್ಟು ಎಂದು ಈ ಲೇಖನ ಬರೆಯುವಾಗ ಕೇಳಿದೆ. ಅಮ್ಮಿ ನಕ್ಕರು. “ಅಬ್ಬಾ ಕಟ್ಟಿದಾರಲ್ಲ” ಎಂದರು. ರಸೀದಿಯಲ್ಲಿ ಅಬ್ಬಾ ಹೆಸರಿದೆ. ಅಬ್ಬಾರನ್ನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರ್ಧಕ್ಕಿಂತ ಮೇಲೆ ನಿನ್ನ ಅಮ್ಮಿದೇ” ಎಂದರು. ಅವರೂ ಇದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಎಂದು ನನ್ನ ಅನಿಸಿಕೆ.

ಆದ್ದರಿಂದ ನನ್ನ ಎರಡು ಕೋರಿಕೆ. ಒಂದು ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ. ನಮ್ಮ ಕಾರ್ಯಕ್ರಮಗಳಿಗೆ ಸಮಿತಿ ಮಾಡುವಾಗ ಹುಡುಗಿಯರ ಹೆಸರು ಸ್ವಾಗತ ಸಮಿತಿ, ಅಲಂಕಾರ ಸಮಿತಿಗಳಲ್ಲೇ ಬರುತ್ತದೆ. ಹಣಕಾಸು ಸಮಿತಿಗೆ ಹುಡುಗರು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ರೂಢಿಯಾಗಿ ಬಂದದ್ದು. ಆದರೆ ನಮ್ಮ ಸೆಕ್ಷನ್‌ನಲ್ಲಿ ಅಕೌಂಟೆನ್ಸಿಗೆ ಹೆಚ್ಚು ಅಂಕ ತೆಗೆಯುವವರು ಯಾರು ಎಂದು ಉಪನ್ಯಾಸಕರಿಗೆ ನಾನು ಹೇಳಬೇಕಾಗಿಲ್ಲ. ಚೀಲದಲ್ಲಿ ಎಷ್ಟಿದೆ, ಎಲ್ಲಿ ಖರ್ಚು ಮಾಡಬೇಕು ಎಂದು ತೀರ್ಮಾನಿಸುವ ಅಭ್ಯಾಸ ಹದಿನೇಳರಲ್ಲಿ ಆಗದಿದ್ದರೆ ಮೂವತ್ತರಲ್ಲಿ ಒಮ್ಮೆಲೇ ಬರುವುದಿಲ್ಲ. ಸೌಂದರ್ಯ ಅವರಿಗೆ ಹೆಚ್ಚು ಸಮಯ ಸಿಗಲಿಲ್ಲ. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಹೊರಟ ಪುಟ್ಟ ವಿಮಾನ ಬೆಂಗಳೂರಿನ ಜಕ್ಕೂರಿನಲ್ಲಿ ಬಿದ್ದು, ಅಣ್ಣ ಅಮರನಾಥ್ ಜೊತೆಯಲ್ಲೇ ಹೋದರು. ‘ಆಪ್ತಮಿತ್ರ’ ಬಿಡುಗಡೆಯಾದದ್ದು ಅದಾದ ಮೇಲೆ. ನಿರ್ಮಾಪಕಿಯಾಗಿ ಅವರ ಲೆಡ್ಜರಿನಲ್ಲಿ ಇರುವುದು ಒಂದೇ ಎಂಟ್ರಿ.

ಇನ್ನೊಂದು ಕೋರಿಕೆ, ‘ದ್ವೀಪ’ವನ್ನು ನಮ್ಮ ಸಭಾಂಗಣದಲ್ಲಿ ಒಮ್ಮೆ ತೋರಿಸಬೇಕು. ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಹಳ್ಳಿಯ ಜನರಿಗೆ ಜಗತ್ತಿನ ಒಳ್ಳೊಳ್ಳೆಯ ಸಿನಿಮಾ ತೋರಿಸಿದರು. ಪ್ರೊಜೆಕ್ಟರ್ ನಮ್ಮಲ್ಲೂ ಇದೆ, ಪಿಪಿಟಿ ತೋರಿಸಲು ಮಾತ್ರ ಬಳಸುತ್ತೇವೆ. ತುಮರಿ ಕಡೆಯವರು, ಹೊಸನಗರದವರು, ಮುಳುಗಡೆಯಿಂದ ಬಂದ ಮನೆಯವರು ನಮ್ಮಲ್ಲಿ ಬಹಳ ಇದ್ದಾರೆ. ಅವರ ಅಜ್ಜ-ಅಜ್ಜಿ, ದಾದಾ-ದಾದಿಯರನ್ನೂ ಕರೆದರೆ ಸಿನಿಮಾ ಮುಗಿದ ಮೇಲಿನ ಮಾತು ಸಿನಿಮಾಕ್ಕಿಂತ ದೊಡ್ಡದಾಗಬಹುದು. ನನ್ನ ನಾನಿಯಂತೂ ಬರುತ್ತಾರೆ. ಉದ್ರಿ ಪುಸ್ತಕ ಈಗ ಎಲ್ಲಿದೆಯೋ ಹುಡುಕುತ್ತಿದ್ದೇನೆ.

ಕಳೆದ ವರ್ಷದ ವರದಿಗೆ ತಿದ್ದುಪಡಿ ಹೀಗಿದೆ. ಸ್ಟಾಲಿಗೆ ಅತಿ ಹೆಚ್ಚು ಬಂಡವಾಳ ಹಾಕಿದವಳು, ಬೆಲೆ ನಿಗದಿ ಮಾಡಿದವಳು, ಲೆಕ್ಕ ಬರೆದವಳು ನನ್ನ ಸಹಪಾಠಿ. ನಾನು ಚಿಲ್ಲರೆ ಎಣಿಸಿದೆ. ಲಾಭವನ್ನು ನಾವು ಐವರೂ ಸಮವಾಗಿ ತಲಾ 268 ರೂಪಾಯಿ ಹಂಚಿಕೊಂಡಿದ್ದೆವು. ಬಂಡವಾಳದ ಅನುಪಾತದಲ್ಲಾದರೆ ಅವಳಿಗೆ 536 ಬರಬೇಕಿತ್ತು, ನಮಗೆ ಮೂವರು ಹುಡುಗರಿಗೆ ತಲಾ 160 ರೂಪಾಯಿ 80 ಪೈಸೆ. ಮೊದಲೇ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು ಎಂದು ಪಾಲುದಾರಿಕೆ ಕಾಯ್ದೆಯೇ ಹೇಳುತ್ತದೆ ಎಂದು ವಾದ ಮಾಡಬಹುದು, ಕಾನೂನು ನನ್ನ ಕಡೆಗೇ ಇದೆ. ಆದರೂ ನನ್ನ ಪಾಲಿನಲ್ಲಿ ಹೆಚ್ಚಿಗೆ ಬಂದ 107 ರೂಪಾಯಿ 20 ಪೈಸೆಯನ್ನು ಅವಳಿಗೆ ಕೊಡಲು ಹೋದೆ.

ಅವಳು ತೆಗೆದುಕೊಳ್ಳಲಿಲ್ಲ. ಲೇಖನದಲ್ಲಿ ಹೆಸರು ಹಾಕಲೇ ಎಂದು ಕೇಳಿದ್ದಕ್ಕೂ ಬೇಡ ಎಂದಳು. “ಹೋದ ವರ್ಷದ್ದು ಬಿಡು. ಈ ಸಲ ಮೇಳದಲ್ಲಿ ಕ್ಯಾಶ್ ಬಾಕ್ಸ್ ನನ್ನ ಹತ್ರ ಇರ್ಲಿ, ಪ್ಲೇಟ್ ನೀನು ಕಟ್ಟು” ಎಂದಳು.

ಒಪ್ಪಿದ್ದೇನೆ. ಪ್ಲೇಟ್ ಕಟ್ಟುವುದನ್ನು ಅಮ್ಮಿ ಹತ್ತಿರ ಕಲಿಯುತ್ತಿದ್ದೇನೆ, ಶಾಹಿ ತುಕ್ಡಾ ಎತ್ತುವಾಗ ಇನ್ನೂ ಮುರಿಯುತ್ತಿದೆ.